ಉಳುವವನ ಭೂಮಿ, ಬೆಳೆದವನ ಬೆಲೆ: ಹುಣಸೂರು ಸೀಮೆ ಹಾಗೂ ಚೀನಾದ ಹಳ್ಳಿಗಳು

ಬೇಸಾಯದ ಏಳಿಗೆಗೆ ಒಳ್ಳೆಯ ಬೀಜ, ಗೊಬ್ಬರ ಮತ್ತು ನೀರು ಬೇಕೆಂಬುದು ಎಲ್ಲ ರೈತರಿಗೂ ತಿಳಿದ ವಿಷಯ. ಆದರೆ ಭೂಮಿ ಯಾರ ಕೈಯಲ್ಲಿದೆ, ಯಾವ ಬೆಳೆ ಇಡಬೇಕೆಂದು ತೀರ್ಮಾನಿಸುವವರು ಯಾರು, ಬೆಳೆದ ಮಾಲಿಗೆ ಬೆಲೆ ಕಟ್ಟುವವರು ಯಾರು ಎಂಬ ಮೂರು ಪ್ರಶ್ನೆಗಳೂ ಇಳುವರಿಯಷ್ಟೇ ಮುಖ್ಯವಾದವು. ಈ ಮೂರು ಪ್ರಶ್ನೆಗಳಿಗೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಚೀನಾ ದೇಶ ಒಂದಾದ ಮೇಲೊಂದರಂತೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟು ನೋಡಿದೆ. ಒಂದು ಉತ್ತರದಿಂದ ಕೋಟ್ಯಂತರ ಜನ ಹಸಿವಿನಿಂದ ಸತ್ತರು. ಇನ್ನೊಂದರಿಂದ ಆರೇಳು ವರ್ಷಗಳಲ್ಲಿ ಕಣಜಗಳು ತುಂಬಿದವು.

ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯ ರೈತನಿಗೆ ಚೀನಾ ಬಲು ದೂರದ ನಾಡು. ಆದರೂ ಆ ದೇಶದಲ್ಲಿ ಆದ ಬದಲಾವಣೆಗಳು ಈ ಸೀಮೆಯನ್ನು ಮುಟ್ಟದೆ ಬಿಟ್ಟಿಲ್ಲ. 1959ರಲ್ಲಿ ಟಿಬೆಟಿನ ರಾಜಧಾನಿ ಲ್ಹಾಸಾದಲ್ಲಿ ದಂಗೆ ನಡೆದು ದಲೈ ಲಾಮಾ ಅವರು ಭಾರತಕ್ಕೆ ಬಂದ ನಂತರ, ಅವರ ಹಿಂದೆ ಬಂದ ನಿರಾಶ್ರಿತರಿಗೆ ಆಗಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಭೂಮಿಯನ್ನು ಒದಗಿಸಿತು. ಕಾಡು ಕಡಿದು, ಆನೆಗಳ ಕಾಟ ಸಹಿಸಿ ಅವರು ಮುಸುಕಿನ ಜೋಳ ಬೆಳೆದರು. 1970ರ ದಶಕದ ಆರಂಭದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಇಂತಹದೇ ವಸಾಹತು ಆಯಿತು. ಒಂದು ದೇಶದ ರಾಜಕೀಯದ ಗಾಳಿ ಇನ್ನೊಂದು ದೇಶದ ಹೊಲದವರೆಗೆ ಹೇಗೆ ಬೀಸುತ್ತದೆ ಎಂಬುದಕ್ಕೆ ಈ ವಸಾಹತುಗಳೇ ಸಾಕ್ಷಿ.

ಉಳುವವನಿಗೆ ಭೂಮಿ ಎಂಬ ಮಾತನ್ನು ಕರ್ನಾಟಕದಲ್ಲಿ ಕಾನೂನಾಗಿಸಿದ ಡಿ. ದೇವರಾಜ ಅರಸು ಅವರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಆದ್ದರಿಂದ ಈ ಸೀಮೆಯಲ್ಲಿ ಆದ ಬದಲಾವಣೆಯನ್ನೂ ಚೀನಾದ ಹಳ್ಳಿಗಳಲ್ಲಿ ಆದ ಬದಲಾವಣೆಯನ್ನೂ ಜೊತೆಗಿಟ್ಟು ನೋಡಿದರೆ, ಇಂದು ರೈತರ ಮುಂದಿರುವ ಕೆಲವು ಪ್ರಶ್ನೆಗಳು ಸ್ಪಷ್ಟವಾಗುತ್ತವೆ.

ಭೂಮಿ ಹಂಚಿಕೆ: ಎರಡು ದಾರಿಗಳು

1949ರ ಅಕ್ಟೋಬರ್ 1ರಂದು ಚೀನಾದಲ್ಲಿ ಮಾವೋ ಅವರ ನಾಯಕತ್ವದಲ್ಲಿ ಕಮ್ಯೂನಿಸ್ಟ್ ಪಕ್ಷದ ಸರ್ಕಾರ ಸ್ಥಾಪನೆಯಾಯಿತು. 1950ರಲ್ಲಿ ಭೂ ಸುಧಾರಣಾ ಕಾನೂನು ಬಂದಿತು. ಜಮೀನುದಾರರ ಭೂಮಿಯನ್ನು ಪರಿಹಾರ ಕೊಡದೆ ವಶಪಡಿಸಿಕೊಂಡು ಬಡ ರೈತರಿಗೆ ಹಂಚಲಾಯಿತು. ಹಳ್ಳಿ ಹಳ್ಳಿಗಳಲ್ಲಿ ಸಭೆ ಸೇರಿಸಿ ಜಮೀನುದಾರರನ್ನು ವಿಚಾರಿಸಲಾಯಿತು. ಬಹಳ ಮಂದಿ ಪ್ರಾಣ ಕಳೆದುಕೊಂಡರು. ಮೂರು ವರ್ಷಗಳೊಳಗೆ ದೇಶದ ಹೆಚ್ಚಿನ ಭಾಗದಲ್ಲಿ ಹಂಚಿಕೆ ಮುಗಿಯಿತು. ಅಲ್ಲಿ ಭೂಮಿಯನ್ನು 'ಮು' ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಒಂದು ಮು ಎಂದರೆ ಇಲ್ಲಿನ ಲೆಕ್ಕದಲ್ಲಿ ಆರೂವರೆ ಗುಂಟೆ. ಹೀಗೆ ಸಿಕ್ಕ ತುಂಡು ಭೂಮಿ ಸಣ್ಣದಾದರೂ ರೈತನಿಗೆ ಸ್ವಂತದ್ದಾಗಿತ್ತು.

ಕರ್ನಾಟಕದಲ್ಲಿ ನಡೆದದ್ದು ಕಾನೂನಿನ ದಾರಿ. ಭೂ ಸುಧಾರಣಾ ಕಾಯಿದೆಯನ್ನು 1961ರಲ್ಲಿಯೇ ಮಾಡಲಾಗಿತ್ತು. ಅದು 1965ರ ಅಕ್ಟೋಬರ್ 2ರಂದು ಜಾರಿಗೆ ಬಂದರೂ ಅದರಲ್ಲಿ ನುಸುಳಿಕೊಳ್ಳಲು ಕಂಡಿಗಳು ಬಹಳವಿದ್ದವು. 1972ರಲ್ಲಿ ಮುಖ್ಯಮಂತ್ರಿಗಳಾದ ಅರಸು ಅವರ ಕಾಲದಲ್ಲಿ ಕಾಯಿದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಅಂದಿನಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ, ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅಧಿಭೋಗದ ಹಕ್ಕನ್ನು ಕೊಡುತ್ತಿತ್ತು. ಬಡ ಗೇಣಿದಾರರಿಗೆ ವಕೀಲರ ಖರ್ಚು ಬೀಳದಿರಲೆಂದು ಮೊದಲಲ್ಲಿ ವಕೀಲರಿಗೆ ಅಲ್ಲಿ ಅವಕಾಶ ಇರಲಿಲ್ಲ. ಅರ್ಜಿಗಳ ಕೊನೆಯ ದಿನವನ್ನು ಮುಂದೂಡುತ್ತ 1979ರ ಜೂನ್ 30ರವರೆಗೆ ಅವಕಾಶ ಕೊಡಲಾಯಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು.

ಗೇಣಿ ಪದ್ಧತಿ ಹೆಚ್ಚಾಗಿ ಇದ್ದದ್ದು ಕರಾವಳಿ ಮತ್ತು ಮಲೆನಾಡಿನಲ್ಲಿ. ಆದ್ದರಿಂದ ಕಾಯಿದೆಯ ಹೆಚ್ಚಿನ ಫಲ ದೊರೆತದ್ದೂ ಆ ಭಾಗಗಳಿಗೇ. ಮೈಸೂರು ಜಿಲ್ಲೆಯ ಬಯಲು ತಾಲ್ಲೂಕುಗಳಲ್ಲಿ ಸ್ವಂತ ಜಮೀನಿನ ಸಣ್ಣ ಹಿಡುವಳಿದಾರರೇ ಹೆಚ್ಚು. ಇಲ್ಲಿ ಬಡವರ ಬಾಳನ್ನು ಮುಟ್ಟಿದವು ಅದೇ ಕಾಲದ ಬೇರೆ ಕ್ರಮಗಳು. ಜೀತ ಪದ್ಧತಿಯ ರದ್ದು, 1976ರ ಋಣ ಪರಿಹಾರ ಕಾಯಿದೆ, ಮನೆ ನಿವೇಶನಗಳ ಹಂಚಿಕೆ, ಹಾವನೂರು ಆಯೋಗದ 1975ರ ವರದಿಯ ಮೇಲೆ ಹಿಂದುಳಿದ ವರ್ಗಗಳಿಗೆ ದೊರೆತ ಮೀಸಲಾತಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿ ಪರರ ಪಾಲಾಗದಂತೆ ತಡೆಯುವ 1978ರ ಕಾಯಿದೆ ಇವೇ ಮುಖ್ಯವಾದವು. ಸಾಹುಕಾರನ ಮನೆಯಲ್ಲಿ ಜೀತಕ್ಕಿದ್ದವನ ಮಗ ಶಾಲೆಯ ಮೆಟ್ಟಿಲು ಹತ್ತಿದ್ದು ಇಂತಹ ಕ್ರಮಗಳಿಂದ.

ಚೀನಾದ್ದು ವೇಗದ ದಾರಿ, ಕರ್ನಾಟಕದ್ದು ನಿಧಾನದ ದಾರಿ. ಆದರೆ ಇಲ್ಲಿ ಒಮ್ಮೆ ಹಕ್ಕು ದೊರೆತವನಿಂದ ಸರ್ಕಾರ ಭೂಮಿಯನ್ನು ಮತ್ತೆ ಕಸಿದು ಸಾಮೂಹಿಕ ಬೇಸಾಯಕ್ಕೆ ಸೇರಿಸಲಿಲ್ಲ. ಅಲ್ಲಿ ಆದದ್ದು ಅದೇ.

ಕಮ್ಯೂನುಗಳು ಮತ್ತು ಕ್ಷಾಮ

ಚೀನಾದ ರೈತನ ಕೈಗೆ ಬಂದ ಭೂಮಿ ಐದಾರು ವರ್ಷವೂ ಅವನ ಬಳಿ ಉಳಿಯಲಿಲ್ಲ. 1953ರಿಂದ ಧಾನ್ಯದ ಖರೀದಿ ಸಂಪೂರ್ಣವಾಗಿ ಸರ್ಕಾರದ ಕೈಗೆ ಹೋಯಿತು. 1955 ಮತ್ತು 56ರಲ್ಲಿ ರೈತರನ್ನು ಸಹಕಾರಿ ಕೂಟಗಳಿಗೆ ಸೇರಿಸಲಾಯಿತು. 1958ರಲ್ಲಿ ಅನೇಕ ಹಳ್ಳಿಗಳನ್ನು ಒಟ್ಟುಗೂಡಿಸಿ ಜನತಾ ಕಮ್ಯೂನುಗಳನ್ನು ರಚಿಸಲಾಯಿತು. ಭೂಮಿ, ಎತ್ತು, ನೇಗಿಲುಗಳೆಲ್ಲ ಕಮ್ಯೂನಿನ ಸ್ವತ್ತಾದವು. ಮನೆಯ ಒಲೆ ಆರಿಸಿ ಎಲ್ಲರೂ ಸಾಮೂಹಿಕ ಅಡಿಗೆಮನೆಯಲ್ಲಿ ಉಣ್ಣಬೇಕಾಯಿತು. ದುಡಿದವನಿಗೆ ಕೂಲಿಯ ಬದಲು ದುಡಿಮೆಯ ಅಂಕಗಳನ್ನು ಬರೆದುಕೊಳ್ಳುತ್ತಿದ್ದರು.

ಅದೇ ವರ್ಷ ಕೃಷಿಯಲ್ಲಿಯೂ ಕೈಗಾರಿಕೆಯಲ್ಲಿಯೂ ಒಂದೇ ನೆಗೆತಕ್ಕೆ ಮುಂದೆ ಹೋಗಬೇಕೆಂಬ ಚಳವಳಿ ಆರಂಭವಾಯಿತು. ಲಕ್ಷಾಂತರ ರೈತರನ್ನು ಸುಗ್ಗಿಯ ಕಾಲದಲ್ಲಿಯೇ ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಕಳಿಸಲಾಯಿತು. ಪೈರನ್ನು ಅತಿ ಒತ್ತಾಗಿ ನಾಟಿ ಮಾಡಬೇಕು, ನೆಲವನ್ನು ಆಳಾಗಿ ಅಗೆಯಬೇಕು ಎಂಬ ಆಜ್ಞೆಗಳು ಮೇಲಿನಿಂದ ಬಂದವು. ಒತ್ತು ನಾಟಿಯಲ್ಲಿ ಪೈರು ಬೆಳಕು ಗಾಳಿ ಸಾಲದೆ ಕೊಳೆಯುತ್ತದೆ ಎಂದು ತಿಳಿದ ರೈತನ ಮಾತಿಗೆ ಬೆಲೆ ಇರಲಿಲ್ಲ. ಧಾನ್ಯ ತಿನ್ನುತ್ತವೆಂದು ಗುಬ್ಬಚ್ಚಿಗಳನ್ನು ಕೊಲ್ಲಿಸಿದರು. ಅದರಿಂದ ಹುಳುಗಳ ಹಾವಳಿ ಹೆಚ್ಚಿತು.

ಇವೆಲ್ಲಕ್ಕಿಂತ ದೊಡ್ಡ ಕೇಡು ಸುಳ್ಳು ಲೆಕ್ಕದಿಂದ ಆಯಿತು. ಮೇಲಧಿಕಾರಿಗಳನ್ನು ಮೆಚ್ಚಿಸಲು ಪ್ರತಿ ಕಮ್ಯೂನಿನವರೂ ಇಳುವರಿಯನ್ನು ಹಲವು ಪಟ್ಟು ಹೆಚ್ಚಿಸಿ ವರದಿ ಮಾಡಿದರು. ಸರ್ಕಾರ ಆ ವರದಿಯ ಮೇಲೆಯೇ ಧಾನ್ಯವನ್ನು ಎತ್ತಿಕೊಂಡು ಹೋಯಿತು. ಹಳ್ಳಿಯಲ್ಲಿ ಉಣ್ಣಲೂ ಬಿತ್ತಲೂ ಕಾಳು ಉಳಿಯಲಿಲ್ಲ. 1959ರಿಂದ 1961ರವರೆಗೆ ನಡೆದ ಈ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ಪರಿಣತರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಅಂದಾಜು ಮಾಡಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಅನ್ನ ಬೆಳೆಯುವ ರೈತರೇ ಆಗಿದ್ದರು.

ಪತ್ರಿಕೆಗಳಿಗೆ ಸ್ವಾತಂತ್ರ್ಯವಿದ್ದು ಜನರಿಂದ ಆರಿಸಿಬಂದ ವಿರೋಧ ಪಕ್ಷ ಇರುವ ದೇಶದಲ್ಲಿ ಇಂತಹ ಕ್ಷಾಮ ಮುಚ್ಚಿಹೋಗಲಾರದು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು ತೋರಿಸಿಕೊಟ್ಟಿದ್ದಾರೆ. ಭಾರತದಲ್ಲಿ ದಿನನಿತ್ಯದ ಅರೆಹೊಟ್ಟೆಯನ್ನು ನೀಗಿಸುವುದರಲ್ಲಿ ಆದ ಸೋಲನ್ನೂ ಅವರು ಅಷ್ಟೇ ಬಿಚ್ಚಿ ಹೇಳಿದ್ದಾರೆ. ಹಳ್ಳಿಯ ಆರೋಗ್ಯ ಮತ್ತು ಅಕ್ಷರ ಕಲಿಕೆಯಲ್ಲಿ ಆ ಕಾಲದ ಚೀನಾ ಭಾರತಕ್ಕಿಂತ ಮುಂದಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಕುಟುಂಬದ ಹೊಣೆಗಾರಿಕೆ

ಸಾಮೂಹಿಕ ಬೇಸಾಯದಲ್ಲಿ ಇಳುವರಿ ಏಕೆ ಹೆಚ್ಚಲಿಲ್ಲ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಮೂವತ್ತು ಸಂಸಾರಗಳ ಒಂದು ತಂಡ ಒಟ್ಟಾಗಿ ಬೇಸಾಯ ಮಾಡುತ್ತದೆ ಎಂದು ಇಟ್ಟುಕೊಳ್ಳಬಹುದು. ಅದರಲ್ಲಿ ಒಂದು ಸಂಸಾರ ಹಗಲಿರುಳು ದುಡಿದು ಒಂದು ಕ್ವಿಂಟಾಲ್ ಹೆಚ್ಚು ಬೆಳೆದರೆ, ಅದು ಮೂವತ್ತು ಪಾಲಾಗಿ ಆ ಸಂಸಾರಕ್ಕೆ ಸಿಗುವುದು ಮೂರು ಕಿಲೋ ಚಿಲ್ಲರೆ. ದುಡಿಯದೆ ಬದುವಿನ ಮೇಲೆ ಕೂತವನಿಗೂ ಅಷ್ಟೇ ಸಿಗುತ್ತದೆ. ಹೀಗಿರುವಾಗ ಕಳೆ ಕೀಳುವುದರಲ್ಲಿ, ಗೊಬ್ಬರ ಹಾಕುವುದರಲ್ಲಿ, ಸಕಾಲಕ್ಕೆ ನೀರು ಕಟ್ಟುವುದರಲ್ಲಿ ಯಾರೂ ಮನಸ್ಸಿಡುವುದಿಲ್ಲ. ಬೇಸಾಯ ಕಾರ್ಖಾನೆಯ ಕೆಲಸದಂತಲ್ಲ. ಹೊಲದ ಮೂಲೆ ಮೂಲೆಯಲ್ಲಿ ನಡೆಯುವ ಕೆಲಸವನ್ನು ಮೇಸ್ತ್ರಿ ನಿಂತು ನೋಡಲಾಗುವುದಿಲ್ಲ. ಹೊಲದ ಮೇಲೆ ಕಣ್ಣಿಡುವವನು ಅದರ ಫಲ ಉಣ್ಣುವವನೇ ಆಗಿರಬೇಕು.

ಮಾವೋ ಅವರು 1976ರಲ್ಲಿ ತೀರಿಕೊಂಡರು. 1978ರ ನವೆಂಬರ್ ತಿಂಗಳಲ್ಲಿ ಆನ್‌ಹುಯಿ ಪ್ರಾಂತದ ಫೆಂಗ್‌ಯಾಂಗ್ ಜಿಲ್ಲೆಗೆ ಸೇರಿದ ಶಿಯಾವ್‌ಗಾಂಗ್ ಎಂಬ ಕಡುಬಡ ಹಳ್ಳಿಯಲ್ಲಿ 18 ಮಂದಿ ರೈತರು ರಾತ್ರಿ ಗುಟ್ಟಾಗಿ ಸೇರಿ ಒಂದು ಕರಾರಿಗೆ ಹೆಬ್ಬೆಟ್ಟು ಒತ್ತಿದರು. ಭೂಮಿಯನ್ನು ಸಂಸಾರಗಳಿಗೆ ಹಂಚಿಕೊಳ್ಳುವುದು, ಸರ್ಕಾರಕ್ಕೆ ಸಲ್ಲಬೇಕಾದ ಧಾನ್ಯವನ್ನು ತಪ್ಪದೆ ಸಲ್ಲಿಸುವುದು, ಉಳಿದದ್ದನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದು ಎಂಬುದು ಕರಾರು. ಮುಂದಾಳುಗಳು ಸೆರೆಮನೆಗೆ ಹೋಗಬೇಕಾಗಿ ಬಂದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕೆಂದೂ ಅದರಲ್ಲಿ ಬರೆದಿತ್ತು. ಮರುವರ್ಷದ ಸುಗ್ಗಿಯಲ್ಲಿ ಆ ಹಳ್ಳಿಯ ಇಳುವರಿ ಹಿಂದಿನದಕ್ಕಿಂತ ಹಲವು ಪಟ್ಟು ಹೆಚ್ಚಿತು.

1978ರ ಡಿಸೆಂಬರಿನಿಂದ ದೇಶದ ನೀತಿಯೇ ಬದಲಾಯಿತು. ಡೆಂಗ್ ಶಿಯಾವೊಪಿಂಗ್ ಅವರ ನಾಯಕತ್ವದಲ್ಲಿ ಸರ್ಕಾರ ಈ ಪದ್ಧತಿಗೆ ಮೊದಲು ಕಣ್ಣು ಮುಚ್ಚಿ, ಆಮೇಲೆ ಒಪ್ಪಿಗೆ ಕೊಟ್ಟಿತು. ಇದನ್ನು ಕುಟುಂಬ ಹೊಣೆಗಾರಿಕೆ ಪದ್ಧತಿ ಎಂದು ಕರೆಯಲಾಯಿತು. 1984ರ ವೇಳೆಗೆ ದೇಶದ ಬಹುತೇಕ ಎಲ್ಲ ಹಳ್ಳಿಗಳೂ ಇದನ್ನು ಅನುಸರಿಸಿದ್ದವು. ಕಮ್ಯೂನುಗಳು ಮುರಿದುಬಿದ್ದವು. 1978ರಲ್ಲಿ ಸುಮಾರು 30 ಕೋಟಿ ಟನ್ ಇದ್ದ ಧಾನ್ಯದ ಉತ್ಪಾದನೆ 1984ರಲ್ಲಿ 40 ಕೋಟಿ ಟನ್ ದಾಟಿತು.

ಬೀಜ ಮತ್ತು ಬೆಲೆಯ ಪಾತ್ರ

ಈ ಏರಿಕೆ ಭೂಮಿ ಹಂಚಿದ್ದರಿಂದ ಮಾತ್ರ ಆಯಿತೆಂದು ತಿಳಿಯಬಾರದು. ಎರಡು ಬೇರೆ ಕಾರಣಗಳೂ ಇದ್ದವು. ಮೊದಲನೆಯದು ಬೆಲೆ. 1979ರಲ್ಲಿ ಸರ್ಕಾರವು ಧಾನ್ಯದ ಖರೀದಿ ಬೆಲೆಯನ್ನು ನೂರಕ್ಕೆ 20ರಷ್ಟು ಏರಿಸಿತು. ನಿಗದಿಗಿಂತ ಹೆಚ್ಚು ಮಾರಿದವರಿಗೆ ಅದರ ಮೇಲೆ ನೂರಕ್ಕೆ 50ರಷ್ಟು ಹೆಚ್ಚುವರಿ ಬೆಲೆ ಕೊಟ್ಟಿತು. ಎರಡನೆಯದು ವಿಜ್ಞಾನ. ನೀರಾವರಿ ಕಾಲುವೆಗಳು, ಗೊಬ್ಬರದ ಕಾರ್ಖಾನೆಗಳು ಮತ್ತು ಸಂಕರಣ ಭತ್ತ ಆ ವೇಳೆಗೆ ಸಿದ್ಧವಾಗಿದ್ದವು.

ಸಂಕರಣ ಭತ್ತದ ಕತೆ ಮೈಸೂರು ಸೀಮೆಗೂ ಸಂಬಂಧಪಟ್ಟದ್ದು. 1970ರಲ್ಲಿ ಹೈನಾನ್ ದ್ವೀಪದ ಒಂದು ಜೌಗಿನಲ್ಲಿ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ ಪರಾಗ ಬಂಜೆಯಾದ ಒಂದು ಕಾಡುಭತ್ತದ ಗಿಡ ಸಿಕ್ಕಿತು. ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಗಂಡು ಭಾಗ ಬಂಜೆಯಾಗಿರುವ ತಾಯಿ ಸಾಲು ಇಲ್ಲದೆ ಸಂಕರಣ ಬೀಜವನ್ನು ದೊಡ್ಡ ಪ್ರಮಾಣದಲ್ಲಿ ಉತ್ಪಾದಿಸಲು ಬರುವುದಿಲ್ಲ. ಆ ಕಾಡುಗಿಡದ ಗುಣವನ್ನು ಬೇಸಾಯದ ತಳಿಗಳಿಗೆ ತಂದು 1976ರಿಂದ ಚೀನಾದಲ್ಲಿ ಸಂಕರಣ ಭತ್ತವನ್ನು ವಿಸ್ತಾರವಾಗಿ ಬೆಳೆಯಲಾಯಿತು. ಅದೇ ಮೂಲದ ಬಂಜೆತನದ ಗುಣವಿರುವ ತಾಯಿ ಸಾಲನ್ನು ಬಳಸಿ ಮಂಡ್ಯದ ವಿ.ಸಿ. ಫಾರಂನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಕೆಆರ್‌ಎಚ್-2 ಎಂಬ ಸಂಕರಣ ಭತ್ತವನ್ನು ಅಭಿವೃದ್ಧಿಪಡಿಸಿ 1996ರಲ್ಲಿ ಬಿಡುಗಡೆ ಮಾಡಿತು. ಹೈನಾನಿನ ಜೌಗಿನ ಗಿಡದ ಗುಣ ಹೀಗೆ ಕಾವೇರಿ ಬಯಲಿನ ಗದ್ದೆಗೂ ಬಂದಿತು.

ಆದರೆ ಹೆಚ್ಚು ಬೆಳೆಯುವ ಆಸೆಯಲ್ಲಿ ಚೀನಾದ ರೈತರು ರಸಗೊಬ್ಬರವನ್ನು ಮಿತಿಮೀರಿ ಹಾಕಿದರು. ಮಣ್ಣು ಹುಳಿಯಾಯಿತು, ಕೆರೆ ನದಿಗಳ ನೀರು ಕೆಟ್ಟಿತು. ಕೊನೆಗೆ 2015ರಲ್ಲಿ ಗೊಬ್ಬರ ಮತ್ತು ಕೀಟನಾಶಕದ ಬಳಕೆ ಇನ್ನು ಮುಂದೆ ಏರದಂತೆ ತಡೆಯುವ ಯೋಜನೆಯನ್ನು ಸರ್ಕಾರವೇ ಹಾಕಿಕೊಳ್ಳಬೇಕಾಯಿತು. ಆಮೇಲೆ ಗೊಬ್ಬರದ ಬಳಕೆ ಇಳಿದರೂ ಧಾನ್ಯದ ಉತ್ಪಾದನೆ ಇಳಿಯಲಿಲ್ಲ. ಹಿಂದೆ ಹಾಕಿದ್ದರಲ್ಲಿ ಒಂದು ಪಾಲು ವ್ಯರ್ಥವಾಗುತ್ತಿತ್ತು ಎಂಬುದು ಇದರಿಂದ ಸಿದ್ಧವಾಯಿತು.

ಹಕ್ಕು ಯಾವುದು, ಕಾಗದ ಯಾವುದು

ಚೀನಾದಲ್ಲಿ ಇಂದಿಗೂ ಹೊಲದ ಒಡೆತನ ರೈತನದಲ್ಲ, ಹಳ್ಳಿಯ ಸಮೂಹದ್ದು. ರೈತನಿಗಿರುವುದು ಬೇಸಾಯ ಮಾಡುವ ಕರಾರಿನ ಹಕ್ಕು. ಇದರ ಅವಧಿಯನ್ನು 1984ರಲ್ಲಿ 15 ವರ್ಷಕ್ಕೆ, 1993ರಲ್ಲಿ ಮತ್ತೆ 30 ವರ್ಷಕ್ಕೆ ಗೊತ್ತುಪಡಿಸಲಾಯಿತು. ಇನ್ನೂ 30 ವರ್ಷ ಮುಂದುವರಿಸುವುದಾಗಿ 2017ರಲ್ಲಿ ಪ್ರಕಟಿಸಲಾಯಿತು. ರೈತನು ಭೂಮಿಯನ್ನು ಮಾರುವಂತಿಲ್ಲ. ಆದರೆ 2018ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಒಡೆತನ, ಕರಾರಿನ ಹಕ್ಕು, ಬೇಸಾಯದ ಹಕ್ಕು ಎಂದು ಮೂರು ಭಾಗ ಮಾಡಲಾಗಿದೆ. ಪಟ್ಟಣಕ್ಕೆ ಹೋದ ರೈತ ತನ್ನ ಕರಾರಿನ ಹಕ್ಕನ್ನು ಇಟ್ಟುಕೊಂಡೇ ಬೇಸಾಯದ ಹಕ್ಕನ್ನು ಬೇರೊಬ್ಬನಿಗೆ ಲಿಖಿತವಾಗಿ ಗುತ್ತಿಗೆಗೆ ಕೊಡಬಹುದು. ಪಟ್ಟಣಗಳ ಬೆಳವಣಿಗೆಗಾಗಿ ಸ್ಥಳೀಯ ಸರ್ಕಾರಗಳು ರೈತರ ಭೂಮಿಯನ್ನು ಕಡಿಮೆ ಪರಿಹಾರಕ್ಕೆ ತೆಗೆದುಕೊಂಡದ್ದರಿಂದ ಅಲ್ಲಿ ಪ್ರತಿಭಟನೆಗಳೂ ಬಹಳ ನಡೆದಿವೆ. ಒಡೆತನ ಇಲ್ಲದ ಹಕ್ಕಿನ ದುರ್ಬಲತೆ ಇದು.

ಕರ್ನಾಟಕದ ಸ್ಥಿತಿ ಇದಕ್ಕೆ ತಿರುವುಮುರುವು. ಇಲ್ಲಿ ರೈತನಿಗೆ ಒಡೆತನ ಉಂಟು, ಪಹಣಿಯಲ್ಲಿ ಹೆಸರುಂಟು. ಆದರೆ 1974ರ ತಿದ್ದುಪಡಿಯು ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನು, ಸೈನಿಕರಂತಹ ಕೆಲವರನ್ನು ಬಿಟ್ಟು, ನಿಷೇಧಿಸಿತು. ಜಮೀನುದಾರಿಯನ್ನು ಮುಗಿಸಲು ಅಂದು ಇದು ಅಗತ್ಯವಾಗಿತ್ತು. ಇಂದು ಮಕ್ಕಳು ಮೈಸೂರು, ಬೆಂಗಳೂರು ಸೇರಿ ಹೊಲ ನೋಡಿಕೊಳ್ಳುವವರಿಲ್ಲದ ಮನೆಗಳು ಜಮೀನನ್ನು ವಾರಕ್ಕೋ ಗುತ್ತಿಗೆಗೋ ಬಾಯಿಮಾತಿನಲ್ಲಿ ಕೊಡುತ್ತವೆ. ಕಾಗದದಲ್ಲಿ ಬರೆದರೆ ಎಲ್ಲಿ ಹೊಲ ಕೈತಪ್ಪುವುದೋ ಎಂಬ ಹೆದರಿಕೆ ಒಡೆಯನಿಗೆ. ಕಾಗದವಿಲ್ಲದ ಕಾರಣ ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರಗಳು ಸಿಗದ ತೊಂದರೆ ಉಳುವವನಿಗೆ. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಹಣವೂ ಹಿಡುವಳಿದಾರನ ಹೆಸರಿಗೇ ಹೋಗುತ್ತದೆ. ಉಳುವವನೇ ಒಡೆಯ ಎಂದು ಸಾರಿದ ನಾಡಿನಲ್ಲಿ ಮತ್ತೊಂದು ಬಗೆಯ ಕಾಣದ ಗೇಣಿದಾರ ಹುಟ್ಟಿಕೊಂಡಿದ್ದಾನೆ.

ಇದರ ಜೊತೆಗೆ 2020ರ ತಿದ್ದುಪಡಿಯು ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದರ ಮೇಲಿದ್ದ 79ಎ ಮತ್ತು 79ಬಿ ಕಲಮುಗಳ ನಿರ್ಬಂಧವನ್ನು ತೆಗೆದುಹಾಕಿತು. ಸಾಲದಲ್ಲಿರುವ ಸಣ್ಣ ರೈತ ಒಮ್ಮೆ ಹೊಲ ಮಾರಿದರೆ ಅದೇ ಊರಿನಲ್ಲಿ ಮತ್ತೆ ಕೊಳ್ಳುವುದು ಕಷ್ಟ. ಮಾರುವ ಸ್ವಾತಂತ್ರ್ಯ ಇದೆಯೆಂಬುದೇ ಮಾರಲು ಕಾರಣವಾಗಬಾರದು.

ಹೊಗೆಸೊಪ್ಪಿನ ಪಾಠ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮತ್ತು ಕೃಷ್ಣರಾಜನಗರ ತಾಲ್ಲೂಕುಗಳ ಕೆಂಪು ಮಣ್ಣಿನಲ್ಲಿ ಮುಂಗಾರಿನ ವರ್ಜೀನಿಯಾ ಹೊಗೆಸೊಪ್ಪು ಮುಖ್ಯ ಹಣದ ಬೆಳೆ. ಬೆಳೆ, ಬೆಲೆಗಳ ಮೇಲೆ ಸರ್ಕಾರದ ಕೈ ಹೇಗಿರುತ್ತದೆ ಎಂಬುದನ್ನು ಎರಡೂ ದೇಶಗಳಲ್ಲಿ ಹೋಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಚೀನಾ ಪ್ರಪಂಚದಲ್ಲೇ ಅತಿ ಹೆಚ್ಚು ಹೊಗೆಸೊಪ್ಪು ಬೆಳೆಯುವ ದೇಶ. ಅಲ್ಲಿ 1982ರಲ್ಲಿ ಸ್ಥಾಪನೆಯಾದ ಸರ್ಕಾರಿ ತಂಬಾಕು ನಿಗಮ ಒಂದೇ ಕೊಳ್ಳುವವನು. ಎಷ್ಟು ಬೆಳೆಯಬೇಕು, ಯಾವ ದರ್ಜೆಗೆ ಎಷ್ಟು ಬೆಲೆ ಎಂಬುದನ್ನು ನಿಗಮವೇ ಕರಾರಿನಲ್ಲಿ ಗೊತ್ತುಮಾಡುತ್ತದೆ. 2006ರ ಜನವರಿ 1ರಿಂದ ಚೀನಾ ಸರ್ಕಾರ ಶತಮಾನಗಳಿಂದ ಬಂದಿದ್ದ ಕೃಷಿ ತೆರಿಗೆಯನ್ನು ರದ್ದು ಮಾಡಿತು. ರೈತರಿಗೆ ಇದು ದೊಡ್ಡ ನೆಮ್ಮದಿ. ಆದರೆ ಹೊಗೆಸೊಪ್ಪಿನ ಮೇಲೆ ಮಾತ್ರ ನೂರಕ್ಕೆ 20ರಷ್ಟು ಎಲೆ ತೆರಿಗೆಯನ್ನು ಉಳಿಸಿಕೊಂಡಿತು. ಇದನ್ನು ಕೊಳ್ಳುವ ಕಂಪನಿ ಕಟ್ಟಿದರೂ ಹಣ ಸ್ಥಳೀಯ ಸರ್ಕಾರಕ್ಕೆ ಸೇರುತ್ತದೆ. ಆದ್ದರಿಂದ ಹೊಗೆಸೊಪ್ಪು ಬೆಳೆಯುವ ಪ್ರಾಂತಗಳ ಅಧಿಕಾರಿಗಳಿಗೆ ರೈತ ಆ ಬೆಳೆಯಲ್ಲೇ ಉಳಿಯಲಿ ಎಂಬ ಆಸೆ ಇರುವುದು ಸಹಜ.

ಭಾರತದಲ್ಲಿ ತಂಬಾಕು ಮಂಡಳಿ 1975ರ ಕಾಯಿದೆಯಂತೆ 1976ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ಬೆಲೆ ಕೊಳ್ಳುವ ಕಂಪನಿಗಳ ಮತ್ತು ವ್ಯಾಪಾರಿಗಳ ಮರ್ಜಿಗೆ ಸೇರಿತ್ತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾದ ಮೇಲೆ ಬೇಲುಗಳ ತೂಕ, ದರ್ಜೆ, ಬೆಲೆ ರೈತನ ಕಣ್ಣೆದುರಿಗೆ ಬಂದವು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮೊದಲಾದ ಹರಾಜು ಮಾರುಕಟ್ಟೆಗಳು ಈ ಸೀಮೆಯ ಬದುಕಿನ ಭಾಗವೇ ಆದವು. ಇಲ್ಲಿಯೂ ಬ್ಯಾರನ್ನಿಗೆ ಪರವಾನಗಿ, ಪ್ರತಿ ಬ್ಯಾರನ್ನಿಗೆ ಇಷ್ಟೇ ಮಾರಬೇಕೆಂಬ ಮಿತಿ ಉಂಟು. ಮಿತಿ ಮೀರಿದರೆ ದಂಡ.

ಹರಾಜು ಇದ್ದ ಮಾತ್ರಕ್ಕೆ ಬೆಲೆಯ ಭರವಸೆ ಇಲ್ಲ. ಕೊಳ್ಳುವವರು ಕೆಲವೇ ಮಂದಿ, ಬೆಲೆ ಹೊರದೇಶಗಳ ಬೇಡಿಕೆಯ ಮೇಲೆ ನಿಂತಿದೆ. 2015ರಲ್ಲಿ ಬೆಲೆ ಕುಸಿದಾಗ ಸಾಲದ ಹೊರೆ ತಾಳಲಾರದೆ ಹುಣಸೂರು, ಪಿರಿಯಾಪಟ್ಟಣ ಭಾಗದ ಕೆಲವು ಬೆಳೆಗಾರರು ಪ್ರಾಣ ಕಳೆದುಕೊಂಡರು. ಒಂದು ಕಿಲೋ ಎಲೆ ಹದಗೊಳಿಸಲು ನಾಲ್ಕೈದು ಕಿಲೋ ಸೌದೆ ಬೇಕಾಗುವುದರಿಂದ ಮರಗಳ ನಾಶವೂ, ಸೌದೆಯ ಖರ್ಚೂ ಏರುತ್ತಿವೆ. ತಂಬಾಕಿನ ಬಳಕೆ ಕಡಿಮೆ ಮಾಡುವ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 2004ರಲ್ಲಿ, ಚೀನಾ 2005ರಲ್ಲಿ ಒಪ್ಪಿಕೊಂಡಿವೆ. ಹೀಗಾಗಿ ಈ ಬೆಳೆಯ ಮುಂದಿನ ದಿನಗಳು ಹಿಂದಿನಂತೆ ಇರಲಾರವು.

ಹಾಗೆಂದು ನಾಳೆಯೇ ಹೊಗೆಸೊಪ್ಪು ಬಿಡಿ ಎಂದರೆ ರೈತ ಬಿಡಲಾರ. ಸಾಲ, ಬ್ಯಾರನ್ನು, ಪರವಾನಗಿ, ಮಾರುಕಟ್ಟೆ ಎಲ್ಲವೂ ಅದಕ್ಕೇ ಅಂಟಿಕೊಂಡಿವೆ. ಈ ವಿಷಯದಲ್ಲಿ ಯುನ್ನಾನ್ ಪ್ರಾಂತದ ಯೂಶಿ ಎಂಬಲ್ಲಿ 2008ರಿಂದ ನಡೆದ ಒಂದು ಪ್ರಯೋಗ ಗಮನಿಸತಕ್ಕದ್ದು. ಅಲ್ಲಿ 458 ರೈತ ಕುಟುಂಬಗಳು ಸಹಕಾರ ಸಂಘ ಕಟ್ಟಿಕೊಂಡು ಹೊಗೆಸೊಪ್ಪಿನ ಬದಲು ಹಣ್ಣು, ತರಕಾರಿ ಮೊದಲಾದ ಬೆಳೆಗಳನ್ನು ಬೆಳೆದವು. ಅವರ ಆದಾಯ ಎಕರೆಗೆ ಹೊಗೆಸೊಪ್ಪಿನದಕ್ಕಿಂತ ನೂರಕ್ಕೆ 21ರಿಂದ 110ರವರೆಗೆ ಹೆಚ್ಚಿತು. ಇದರಲ್ಲಿ ಬೆಳೆಯ ಆಯ್ಕೆಯಷ್ಟೇ ಮುಖ್ಯವಾದದ್ದು ಸಂಘ. ಒಬ್ಬೊಬ್ಬನೇ ಎರಡು ಬುಟ್ಟಿ ತರಕಾರಿ ಒಯ್ದರೆ ಕೇಳುವವರಿಲ್ಲ. ಸಂಘದಿಂದ ಲಾರಿ ತುಂಬಿಸಿದರೆ ಕೊಳ್ಳುವವನೇ ಹುಡುಕಿಕೊಂಡು ಬರುತ್ತಾನೆ.

ಹಳ್ಳಿ ಬಿಟ್ಟವರು, ಹಳ್ಳಿಯಲ್ಲಿ ಉಳಿದವರು

ಚೀನಾದಲ್ಲಿ 1958ರಿಂದ ಪ್ರತಿಯೊಬ್ಬನನ್ನೂ ಹಳ್ಳಿಯವನು ಅಥವಾ ಪಟ್ಟಣದವನು ಎಂದು ದಾಖಲೆಯಲ್ಲಿ ಬರೆದಿಡುವ ಪದ್ಧತಿ ಜಾರಿಗೆ ಬಂದಿತು. ಹಳ್ಳಿಯವನು ಸರ್ಕಾರದ ಒಪ್ಪಿಗೆ ಇಲ್ಲದೆ ಪಟ್ಟಣದಲ್ಲಿ ನೆಲಸುವಂತಿರಲಿಲ್ಲ. 1980ರ ನಂತರ ಕಾರ್ಖಾನೆಗಳಿಗೆ ಕೂಲಿಗಳು ಬೇಕಾದಾಗ ತಡೆ ಸಡಿಲವಾಯಿತು. ಇಂದು ಸುಮಾರು 30 ಕೋಟಿ ಗ್ರಾಮೀಣ ಜನ ಕೃಷಿಯಲ್ಲದ ಕೂಲಿ ಕೆಲಸಗಳಲ್ಲಿದ್ದಾರೆ. 1978ರಲ್ಲಿ ನೂರಕ್ಕೆ 18 ಮಂದಿ ಪಟ್ಟಣಗಳಲ್ಲಿದ್ದರೆ 2023ರಲ್ಲಿ 66 ಮಂದಿ ಇದ್ದರು. ಆದರೂ ಹಳ್ಳಿಯ ದಾಖಲೆ ಇರುವವರಿಗೆ ಪಟ್ಟಣದ ಶಾಲೆ, ಆಸ್ಪತ್ರೆ, ನಿವೃತ್ತಿ ವೇತನಗಳ ಸೌಲಭ್ಯ ಸುಲಭವಾಗಿ ಸಿಗದು. ಆದ್ದರಿಂದ ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟು ಹೋಗುವುದು ಅಲ್ಲಿ ಸಾಮಾನ್ಯ. ಒಂದೇ ಮಗು ಎಂಬ ನೀತಿ 2015ರವರೆಗೂ ನಡೆದದ್ದರಿಂದ ದುಡಿಯುವ ವಯಸ್ಸಿನವರು ಕಡಿಮೆಯಾಗಿ, 2022ರಿಂದ ಜನಸಂಖ್ಯೆಯೇ ಇಳಿಯುತ್ತಿದೆ. ಹೊಲಗಳಲ್ಲಿ ಕಾಣುವವರು ಹೆಚ್ಚಾಗಿ ವಯಸ್ಸಾದವರು.

ಈ ಚಿತ್ರ ಹುಣಸೂರು ಸೀಮೆಗೆ ಹೊಸದಲ್ಲ. ಇಲ್ಲಿ ಊರು ಬಿಡಲು ಯಾರ ಒಪ್ಪಿಗೆಯೂ ಬೇಕಿಲ್ಲ, ಹೋದ ಕಡೆ ಮತ ಹಾಕುವ ಹಕ್ಕೂ ಉಂಟು. ಇದು ದೊಡ್ಡ ಅನುಕೂಲ. ಆದರೆ ಊರಿನಲ್ಲಿ ಉಳಿದ ಹೆಂಗಸರ ಮತ್ತು ವಯಸ್ಸಾದವರ ಮೇಲೆ ಬೇಸಾಯದ ಭಾರ ಬಿದ್ದಿರುವುದು ಎರಡೂ ಕಡೆ ಒಂದೇ. ಹೊಲದ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದಾದರೂ ಪಹಣಿಯಲ್ಲಿ ಅವರ ಹೆಸರು ಅಪರೂಪ.

ಊರಿನ ಆಡಳಿತದಲ್ಲಿಯೂ ವ್ಯತ್ಯಾಸ ಕಾಣುತ್ತದೆ. ಚೀನಾದಲ್ಲಿ 1987ರ ಕಾನೂನಿನಿಂದ ಗ್ರಾಮ ಸಮಿತಿಗಳಿಗೆ ಚುನಾವಣೆ ಬಂದರೂ ಪಕ್ಷದ ಕಾರ್ಯದರ್ಶಿಯ ಮಾತೇ ಮೇಲು. ಕರ್ನಾಟಕದಲ್ಲಿ ಅದೇ 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ತಪ್ಪು ನಡೆದರೆ ಗ್ರಾಮ ಸಭೆಯಲ್ಲಿ ಎದ್ದು ಕೇಳುವ ಹಕ್ಕು ಇಲ್ಲಿನ ರೈತನಿಗಿದೆ. ಕಮ್ಯೂನಿನ ಕಾಲದಲ್ಲಿ ಈ ಒಂದು ಹಕ್ಕು ಇದ್ದಿದ್ದರೆ ಸುಳ್ಳು ಇಳುವರಿಯ ಲೆಕ್ಕ ಅಷ್ಟು ದೂರ ಹೋಗುತ್ತಿರಲಿಲ್ಲ.

ರೈತರು ಗಮನಿಸಬೇಕಾದ ಅಂಶಗಳು

1. ಪಹಣಿಯಲ್ಲಿ ಹಿಡುವಳಿದಾರನ ಹೆಸರು, ವಿಸ್ತೀರ್ಣ, ಬೆಳೆಯ ವಿವರ ಸರಿಯಾಗಿವೆಯೇ ಎಂದು ಪ್ರತಿ ವರ್ಷ ನೋಡಿಕೊಳ್ಳಬೇಕು. ತಂದೆ, ತಾತನ ಹೆಸರಿನಲ್ಲೇ ಉಳಿದಿರುವ ಖಾತೆಯನ್ನು ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಹೆಣ್ಣುಮಕ್ಕಳ ಹಕ್ಕನ್ನು ಬಿಡದೆ ಸೇರಿಸಬೇಕು.

2. ಭೂಮಿಯ ದಾಖಲೆ ಇಲ್ಲದೆ ಗುತ್ತಿಗೆಗೆ ಬೇಸಾಯ ಮಾಡುವವರು ನಾಲ್ಕೈದು ಮಂದಿ ಸೇರಿ ಜಂಟಿ ಬಾಧ್ಯತಾ ಗುಂಪು ರಚಿಸಿಕೊಂಡರೆ ಬ್ಯಾಂಕಿನಿಂದ ಸಾಲ ಪಡೆಯಲು ಅವಕಾಶವಿದೆ.

3. ಹೊಗೆಸೊಪ್ಪು ಬೆಳೆಗಾರರು ಮಂಡಳಿ ಗೊತ್ತುಮಾಡಿದ ಮಿತಿಯೊಳಗೇ ಬೆಳೆಯುವುದು ಕ್ಷೇಮ. ಎಲ್ಲರೂ ಮಿತಿ ಮೀರಿದ ವರ್ಷ ಬೆಲೆ ಎಲ್ಲರಿಗೂ ಇಳಿಯುತ್ತದೆ.

4. ಇಡೀ ಹೊಲಕ್ಕೆ ಹೊಗೆಸೊಪ್ಪು ಇಡುವ ಬದಲು ಒಂದು ಭಾಗದಲ್ಲಿ ರಾಗಿ, ಅವರೆ, ಅಲಸಂದೆ, ಮುಸುಕಿನ ಜೋಳ ಅಥವಾ ತರಕಾರಿ ಬೆಳೆದು ಅನುಭವ ಪಡೆಯಬೇಕು. ಮನೆಯ ಊಟಕ್ಕೆ ಬೇಕಾದ ಕಾಳು ಹೊಲದಲ್ಲೇ ಬಂದರೆ ಬೆಲೆ ಬಿದ್ದ ವರ್ಷವೂ ಒಲೆ ಆರುವುದಿಲ್ಲ.

5. ಬದಲಿ ಬೆಳೆಗೆ ಮುಂಚೆ ಮಾರುಕಟ್ಟೆ ಗೊತ್ತುಮಾಡಿಕೊಳ್ಳಬೇಕು. ರೈತ ಉತ್ಪಾದಕರ ಸಂಸ್ಥೆ ಅಥವಾ ಸಹಕಾರ ಸಂಘದ ಮೂಲಕ ಒಟ್ಟಾಗಿ ಕೊಂಡು ಒಟ್ಟಾಗಿ ಮಾರುವುದು ಲಾಭದಾಯಕ. ಬೇಸಾಯ ಮನೆಮನೆಗೆ, ವ್ಯಾಪಾರ ಒಟ್ಟಿಗೆ ಎಂಬುದು ಚೀನಾದ ಅನುಭವದಿಂದಲೂ ಇಲ್ಲಿನ ಹಾಲು ಸಹಕಾರ ಸಂಘಗಳ ಅನುಭವದಿಂದಲೂ ಸಿದ್ಧವಾದ ಮಾತು.

6. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದು. ಹೆಚ್ಚು ಗೊಬ್ಬರ ಹೆಚ್ಚು ಇಳುವರಿ ಎಂಬುದು ಒಂದು ಮಿತಿಯವರೆಗೆ ಮಾತ್ರ ನಿಜ.

7. ವಿಸ್ತರಣಾ ಕಾರ್ಯಕರ್ತರು ಇಳುವರಿ ಮತ್ತು ಬೆಳೆ ಹಾನಿಯ ಲೆಕ್ಕವನ್ನು ಇದ್ದದ್ದು ಇದ್ದಂತೆ ಬರೆಯಬೇಕು. ಗುರಿ ಮುಟ್ಟಿದಂತೆ ತೋರಿಸಲು ಬರೆದ ಒಂದು ಸುಳ್ಳು ಅಂಕಿಯ ಬೆಲೆಯನ್ನು ಕೊನೆಗೆ ತೆರುವವನು ರೈತ. ಕಾಳು ಇಲ್ಲದ ಹಳ್ಳಿಯಿಂದ ಧಾನ್ಯ ಹೊತ್ತುಕೊಂಡು ಹೋದದ್ದು ಅಂತಹ ಅಂಕಿಗಳ ಬಲದ ಮೇಲೆಯೇ.